ಬಿಡಿಹಾಳೆಗೆ ಇಸವಿ ಹುಡುಕುವ ಕೆಲಸ

ಬ್ರಿಟನ್ನಿಗೆ ಬಂದು ನೆಲೆಸಿದ ಮೇಲೆ ಹತ್ತಿದ ಗೀಳು ಇದು. ಇಲ್ಲಿನ ಹಳೆಯ ಪತ್ರಿಕೆಗಳಲ್ಲಿ ಬರುತ್ತಿದ್ದ, ಮನೆ ಬೆಚ್ಚಗಿಡುವ ಇಂಧನದ ಜಾಹೀರಾತುಗಳನ್ನು ಕೂಡಿಡುತ್ತೇನೆ. ಕಲ್ಲಿದ್ದಲು, ಕೋಕ್ (ಅನಿಲ ತೆಗೆದ ಮೇಲೆ ಉಳಿಯುವ ಕಲ್ಲಿದ್ದಲು), ಗ್ಯಾಸ್, ಸೀಮೆಎಣ್ಣೆ, ಯಾವುದಾದರೂ ಸರಿ. ಹಳೇ ಸಾಮಾನಿನ ಸಂತೆಯಲ್ಲಿ ಸಿಗುವುದು ಬಹುಪಾಲು ಬಿಡಿಹಾಳೆಗಳೇ. ಚಿತ್ರ ಚೆನ್ನಾಗಿದ್ದರೆ ಫ್ರೇಮಿಗೆ ಆಗುತ್ತದೆ ಅಂತ ಬ್ಲೇಡಿನಲ್ಲಿ ಕತ್ತರಿಸಿ, ತಾರೀಖಿದ್ದ ಅಂಚನ್ನು ಎಸೆದಿರುತ್ತಾರೆ. ಹಾಗಾಗಿ ಮುಕ್ಕಾಲು ಕೆಲಸ ಇಸವಿ ಪತ್ತೆಮಾಡುವುದೇ.

ಹಾಳೆ ಕೈಗೆ ಬಂದ ಕೂಡಲೇ ಕೆಳತುದಿಯ ಸಣ್ಣಕ್ಷರ ಓದುತ್ತೇನೆ. ಗ್ಯಾಸಿನ ಜಾಹೀರಾತಿನಲ್ಲಿ ಜ್ವಾಲೆಯಾಕಾರದ ಪುಟ್ಟ ಗೊಂಬೆ 'ಮಿಸ್ಟರ್ ಥರ್ಮ್' ಇದ್ದರೆ ಅದು 1931ಕ್ಕಿಂತ ಹಿಂದಿನದಾಗಲಾರದು. ಚಿತ್ರಕಾರ ಎರಿಕ್ ಫ್ರೇಸರ್ ಅದನ್ನು ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪನಿಗೆ ಬರೆದುಕೊಟ್ಟದ್ದು ಆಗ. ಕೆಳಗೆ 'ಗ್ಯಾಸ್ ಕೌನ್ಸಿಲ್' ಎಂದಿದ್ದರೆ 1949ರ ರಾಷ್ಟ್ರೀಕರಣದ ಈಚಿನದು. ಬೆಲೆ ಹಾಕಿದ್ದರಂತೂ ಹಬ್ಬ. ಹಳೆಯ ಶಿಲಿಂಗ್ ಲೆಕ್ಕ 1971ರ ಫೆಬ್ರವರಿ 15ಕ್ಕೆ ಮುಗಿಯಿತಲ್ಲ.

ತೊಡಕು ಬರುವುದು ಕೋಲೈಟ್‌ನಂಥ ಹೊಗೆಯಿಲ್ಲದ ಇಂಧನದಲ್ಲಿ. ಕಲ್ಲಿದ್ದಲನ್ನು ಗಾಳಿ ತಾಗದಂತೆ ಕಾಯಿಸಿ, ಹೊಗೆಗೆ ಕಾರಣವಾದ ಡಾಂಬರನ್ನೂ ಅನಿಲವನ್ನೂ ಮೊದಲೇ ತೆಗೆದು ಮಾಡುತ್ತಿದ್ದದ್ದು ಅದು. 1952ರ ಡಿಸೆಂಬರಿನ ಹೊಗೆಮಂಜಿನಲ್ಲಿ ಲಂಡನ್ನಿನ ಸಾವಿರಾರು ಜನ ಸತ್ತರು, 1956ರಲ್ಲಿ ಹೊಗೆಗೆ ಕಡಿವಾಣ ಹಾಕುವ ಕ್ಲೀನ್ ಏರ್ ಆಕ್ಟ್ ಬಂತು. ಆದರೆ ಕೋಲೈಟ್ 'ಹೊಗೆಯಿಲ್ಲ' ಅಂತ ಯುದ್ಧಕ್ಕೂ ಮುಂಚೆಯೇ ಸಾರುತ್ತಿತ್ತು. ಆ ಮಾತೊಂದನ್ನೇ ನಂಬಿ ವರ್ಷ ಬರೆಯುವಂತಿಲ್ಲ. 'ಸ್ಮೋಕ್ ಕಂಟ್ರೋಲ್ ಏರಿಯಾ' (ಆ ಕಾನೂನಿನಡಿ ಹೊಗೆ ನಿಷೇಧಿಸಿದ ಪ್ರದೇಶ) ಎಂದು ಕಂಡರಷ್ಟೇ ಕಾನೂನಿನ ನಂತರದ ಹಾಳೆಗಳ ಜೊತೆ ಸೇರಿಸುತ್ತೇನೆ.

ಮುಂಬದಿ ಏನೂ ಹೇಳದಿದ್ದಾಗ ಹಾಳೆ ತಿರುವಿಹಾಕಬೇಕು. ಚಿತ್ರ ಕೊಳ್ಳುವವರು ಹೀಗೆ ಮಾಡುವುದು ಕಡಿಮೆ. ನನ್ನಲ್ಲಿ ಎಸ್ಸೊ ಬ್ಲೂ ಸೀಮೆಎಣ್ಣೆಯ ಹಾಳೆಯೊಂದಿದೆ. (ನಮ್ಮ ರೇಷನ್ ಅಂಗಡಿಯ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿದ್ದು ಕಾಳಸಂತೆ ತಡೆಯಲು, ಇಲ್ಲಿ ಅದೇ ನೀಲಿ ಬ್ರ್ಯಾಂಡಿನ ಹೆಮ್ಮೆ. ಎದುರಾಳಿ ಅಲಾಡಿನ್‌ದು ಗುಲಾಬಿ.) ಬೆನ್ನಿಗೆ ಬಿಬಿಸಿ-2ರ ಕಾರ್ಯಕ್ರಮಗಳು, ಮೇಲೆ 'ಮಂಗಳವಾರ, ನವೆಂಬರ್ 10', ಇಸವಿಯಿಲ್ಲ. ಆ ವಾಹಿನಿ ಶುರುವಾದದ್ದು 1964ರ ಏಪ್ರಿಲ್‌ನಲ್ಲಿ. ಅದಾದ ಮೇಲೆ ನವೆಂಬರ್ 10 ಮಂಗಳವಾರ ಬಿದ್ದದ್ದು 1964ರಲ್ಲಿ, ಮತ್ತೆ 1970ರಲ್ಲಿ. ಯಾವ ಕಾರ್ಯಕ್ರಮದ ಮುಂದೂ 'ಕಲರ್' ಗುರುತಿಲ್ಲ, ವಾಹಿನಿಗೆ ಬಣ್ಣ ಬಂದದ್ದು 1967ರಲ್ಲಿ. ಅಲ್ಲಿಗೆ 1964 ಎಂದು ತೀರ್ಮಾನ.

ಸ್ಕ್ಯಾನ್ ಮಾಡುವಾಗ ಇದೇ ಬೆನ್ನು ಕಾಟ ಕೊಡುತ್ತದೆ. ಕಾಗದ ತೆಳು, ಹಿಂದಿನ ಅಕ್ಷರ ಮುಂದೆ ಮೂಡುತ್ತದೆ. ಹಾಳೆಯ ಹಿಂದೆ ಕಪ್ಪು ರಟ್ಟು ಇಟ್ಟರೆ ಬಹಳಷ್ಟು ಅಡಗುತ್ತದೆ, ಆಮೇಲೆ ಬೆಳಕನ್ನು ತುಸು ಏರಿಸಿದರಾಯಿತು. ಮುದ್ರಣದ ಚುಕ್ಕೆಗಳು ಪರದೆಯಲ್ಲಿ ಅಲೆಅಲೆಯಾಗಿ ಕಾಣದಿರಲು 600 ಡಿಪಿಐನಲ್ಲಿ ತೆಗೆದು ಆಮೇಲೆ ಚಿಕ್ಕದು ಮಾಡುತ್ತೇನೆ. ಕಾಗದದ ಹಳದಿಯನ್ನು ಮಾತ್ರ ತಿದ್ದಲು ಹೋಗುವುದಿಲ್ಲ. ಬೆಳ್ಳಗೆ ಮಾಡಿದರೆ ಎಸ್ಸೊದ ನೀಲಿಯೂ ಕೆಡುತ್ತದೆ. ಇಸವಿ ಪೂರ್ತಿ ಬಗೆಹರಿಯದ ಹಾಳೆಗಳಿಗೆ ಫೈಲಿನ ಹೆಸರಿನಲ್ಲೇ ಎರಡೂ ತುದಿಯ ವರ್ಷ ಬರೆದಿಡುತ್ತೇನೆ: 'ಕೋಲೈಟ್, 1956–71' ಅಂತ.