ಸರ್ವರ್ ಕಟ್ಟುವ ಮೊದಲು: ಮಲೆನಾಡಿನ ಸ್ವಯಂಸೇವಕರಿಗೊಂದು ಕೈಪಿಡಿ

ಮ್ಯಾಸ್ಟೋಡಾನ್, ಲೆಮ್ಮಿಯಂತಹ ವಿಕೇಂದ್ರೀಕೃತ ಸಾಮಾಜಿಕ ಜಾಲತಾಣ ವೇದಿಕೆಗಳು ಯಾವುದೇ ಒಂದು ಕಂಪನಿಯ ಸ್ವತ್ತಲ್ಲ. ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು, 2018ರ ಜನವರಿಯಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಮನ್ನಣೆ ನೀಡಿದ ಆಕ್ಟಿವಿಟಿಪಬ್ ಎಂಬ ಸಂವಹನ ನಿಯಮದ ಮೂಲಕ ಒಂದಕ್ಕೊಂದು ಬೆಸೆದುಕೊಂಡಿವೆ. ಅವುಗಳಲ್ಲಿ ಬಹಳಷ್ಟು ಸಾಗುತ್ತಿರುವುದು ನಮ್ಮೂರಿನ ಮುಯ್ಯಾಳಿನ ಲೆಕ್ಕದಲ್ಲಿ, ಸಂಬಳವಿಲ್ಲದೆ.

ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಕುಳಿತು ಇದಕ್ಕೆ ಕೈಜೋಡಿಸಬಯಸುವವರು ಸ್ವಂತ ಸರ್ವರಿನ ಆಸೆಯನ್ನು ಒಂದು ವರ್ಷವಾದರೂ ಬದಿಗಿಡುವುದು ಒಳ್ಳೆಯದು. ನಿಯಮಗಳನ್ನು ಸ್ಪಷ್ಟವಾಗಿ ಪ್ರಕಟಿಸಿರುವ, ದೂರುಗಳಿಗೆ ಸ್ಪಂದಿಸುವ ಸರ್ವರೊಂದರಲ್ಲಿ ಖಾತೆ ತೆರೆದು ಅಲ್ಲಿಯೇ ಕೆಲಸ ಕಲಿಯಬೇಕು.

ಲೆಮ್ಮಿಯಲ್ಲಿ ಚರ್ಚೆಗಳು ನಡೆಯುವುದು ವಿಷಯಕ್ಕೊಂದರಂತೆ ತೆರೆದ ಸಮುದಾಯಗಳಲ್ಲಿ; ನಿಮ್ಮ ಸಮುದಾಯದ ವಿಷಯವನ್ನು ಆದಷ್ಟು ಕಿರಿದಾಗಿ ಆರಿಸಿಕೊಳ್ಳಿ. ‘ಮಲೆನಾಡು’ ಎಂದಷ್ಟೇ ಹೆಸರಿಟ್ಟರೆ ಜೋಗದ ಚಿತ್ರಗಳು ಬಂದು ಬೀಳುತ್ತವೆಯೇ ಹೊರತು ಮಾತುಕತೆ ಹುಟ್ಟುವುದಿಲ್ಲ. ಅಡಿಕೆಯ ಕೊಳೆರೋಗ, ಎಲೆಚುಕ್ಕಿ ರೋಗ ಎಂದು ಗೆರೆ ಎಳೆದುಕೊಂಡರೆ, ಮಳೆ ಬಿಡುವು ಕೊಡದಿದ್ದಾಗ ಬೋರ್ಡೋ ದ್ರಾವಣವನ್ನು ಎಂದು ಸಿಂಪಡಿಸಬೇಕೆಂಬ ಪ್ರಶ್ನೆ ಹಿಡಿದು ತೋಟದವರು ಬರಲು ಕಾರಣವೊಂದು ಸಿಗುತ್ತದೆ.

ಹೊಸಬರನ್ನು ಕಾಡುವುದು ಖಾಲಿತನ. ಮ್ಯಾಸ್ಟೋಡಾನ್‌ನಲ್ಲಿ, ನಿಮ್ಮ ಸರ್ವರಿನ ಯಾರಾದರೊಬ್ಬರು ಹಿಂಬಾಲಿಸುವ ಹೊರಗಿನ ಖಾತೆಗಳ ಬರಹಗಳಷ್ಟೇ ಸಾಮಾನ್ಯವಾಗಿ ನಿಮ್ಮಲ್ಲಿಗೆ ತಲುಪುತ್ತವೆ; ಲೆಮ್ಮಿಯಲ್ಲಿಯೂ ಹೊರಗಿನ ಸಮುದಾಯಕ್ಕೆ ಯಾರಾದರೂ ಮೊದಲು ಚಂದಾದಾರರಾದ ಮೇಲೆಯೇ ಅಲ್ಲಿನ ಹೊಸ ಚರ್ಚೆಗಳು ಹರಿದು ಬರತೊಡಗುತ್ತವೆ. ಆದ್ದರಿಂದ ಕನ್ನಡದಲ್ಲಿ ಬರೆಯುವವರನ್ನು ಹುಡುಕಿ ಹಿಂಬಾಲಿಸುವುದು, ಒಳ್ಳೆಯದನ್ನು ಬೂಸ್ಟ್ ಮಾಡುವುದು (ಅಂದರೆ ತಮ್ಮ ಹಿಂಬಾಲಕರಿಗೂ ಹಂಚುವುದು), ಒಂದೇ ಹ್ಯಾಶ್‌ಟ್ಯಾಗನ್ನು ಎಲ್ಲರೂ ಒಂದೇ ಕಾಗುಣಿತದಲ್ಲಿ ಬಳಸುವಂತೆ ನೋಡಿಕೊಳ್ಳುವುದು ಸ್ವಯಂಸೇವಕರ ಮೊದಲ ದುಡಿಮೆ. ನೋಡುವವರಿಗೆ ಇದು ಕೆಲಸವೆಂದೇ ಅನ್ನಿಸದಿರಬಹುದು.

ಅನುವಾದಕ್ಕೂ ಕೈಗಳು ಬೇಕು: ಮ್ಯಾಸ್ಟೋಡಾನ್‌ನ ಅನುವಾದ ಕ್ರೌಡಿನ್‌ನಲ್ಲಿ, ಲೆಮ್ಮಿಯದು ವೆಬ್ಲೇಟ್‌ನಲ್ಲಿ ನಡೆಯುತ್ತದೆ; ಎರಡೂ ಹಲವರು ಸೇರಿ ಅನುವಾದಿಸುವ ಆನ್‌ಲೈನ್ ತಾಣಗಳು. ‘ಸರ್ವರ್’ ಎಂದರೆ ಎಲ್ಲರಿಗೂ ತಿಳಿಯುವಾಗ ಅದಕ್ಕೊಂದು ಕಠಿಣ ಸಂಸ್ಕೃತ ಪದ ಟಂಕಿಸುವ ಹುಮ್ಮಸ್ಸು ಬೇಡ.

ನಿರ್ವಾಹಕರು ಕನಿಷ್ಠ ಇಬ್ಬರಿರಲಿ, ಅವರು ಬೇರೆ ಬೇರೆ ಊರಿನವರಾಗಿರಲಿ. ಆಷಾಢದ ಮಳೆಗೆ ಮರ ಬಿದ್ದು ಹೊಸನಗರದ ಕಡೆ ಕರೆಂಟೂ ನೆಟ್‌ವರ್ಕೂ ಹೋದರೆ, ಶಿವಮೊಗ್ಗದಲ್ಲಿರುವವರು ದೂರುಗಳನ್ನು ನೋಡಿಕೊಳ್ಳಬಹುದು. ಯಾರದಾದರೂ ಬರಹವನ್ನು ತೆಗೆದುಹಾಕಿದಾಗ ಕಾರಣವನ್ನು ಅವರಿಗೆ ಒಂದು ಸಾಲಿನಲ್ಲಾದರೂ ತಿಳಿಸಬೇಕು. ಮ್ಯಾಸ್ಟೋಡಾನ್‌ನ ಖಾಸಗಿ ಸಂದೇಶಗಳನ್ನು ಸರ್ವರ್ ನಡೆಸುವವರು ತಾಂತ್ರಿಕವಾಗಿ ಓದಬಲ್ಲರೆಂಬುದನ್ನು ಸದಸ್ಯರಿಗೆ ಮೊದಲೇ ಹೇಳಿಬಿಡಿ.

ಇಷ್ಟೆಲ್ಲ ಆದ ಮೇಲೂ ಸ್ವಂತ ಸರ್ವರ್ ಬೇಕೆನಿಸಿದರೆ, ಅದರ ವಿಳಾಸವಾಗುವ ಡೊಮೈನ್ ಹೆಸರನ್ನು ನಿಧಾನವಾಗಿ ಯೋಚಿಸಿ ಇಡಿ. ಮ್ಯಾಸ್ಟೋಡಾನ್‌ನಲ್ಲಿ ಅದನ್ನು ಆಮೇಲೆ ಸುರಕ್ಷಿತವಾಗಿ ಬದಲಾಯಿಸಲಾಗದು. ಹೊರಗಿನ ಸರ್ವರ್‌ಗಳಿಂದ ಬರುವ ಚಿತ್ರಗಳ ಪ್ರತಿಗಳು ಡಿಸ್ಕ್ ತುಂಬಿಸುವುದರಿಂದ ಅವನ್ನು ಆಗಾಗ್ಗೆ ಅಳಿಸುತ್ತಿರಬೇಕು. ಮ್ಯಾಸ್ಟೋಡಾನ್ ತನ್ನ ಅಧಿಕೃತ ಪಟ್ಟಿಯಲ್ಲಿ ಸೇರುವ ಸರ್ವರ್‌ಗಳಿಂದ ದಿನನಿತ್ಯದ ಬ್ಯಾಕಪ್, ತುರ್ತಿಗೆ ಇನ್ನೊಬ್ಬರ ಕೈಯಲ್ಲೂ ಕೀಲಿ, ಮುಚ್ಚುವುದಾದರೆ 3 ತಿಂಗಳ ಮುನ್ಸೂಚನೆ ಇವುಗಳನ್ನು ಬಯಸುತ್ತದೆ; ಪಟ್ಟಿಗೆ ಸೇರದವರೂ ಇದನ್ನು ಪಾಲಿಸಬೇಕು, ಏಕೆಂದರೆ ಸರ್ವರ್ ಮುಚ್ಚುವಾಗ ಬೇರೆಡೆಗೆ ಖಾತೆ ವರ್ಗಾಯಿಸಿಕೊಂಡವರ ಜೊತೆ ಅವರ ಹಿಂಬಾಲಕರು ಹೋಗುತ್ತಾರೆ, ಹಳೆಯ ಬರಹಗಳು ಹೋಗುವುದಿಲ್ಲ.