ಹೊಳೆ ಏರುವ ಮೊದಲೇ ಆಸ್ಪತ್ರೆ ಸಜ್ಜಾಗುವುದು ಹೇಗೆ?

ಚಿಕ್ಕೋಡಿ, ಅಥಣಿ, ರಾಯಬಾಗ ಕಡೆ ಕೃಷ್ಣೆ ಉಕ್ಕಲು ಇಲ್ಲೇ ಮಳೆ ಆಗಬೇಕೆಂದಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದು, ಅಲ್ಲಿನ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಸಾಕು. 2019ರಲ್ಲೂ 2021ರಲ್ಲೂ ಘಟ್ಟದ ಮಳೆಯೇ ನಮ್ಮೂರುಗಳನ್ನು ಮುಳುಗಿಸಿತು. ಆದರೆ ಆ ನೀರು ಇಲ್ಲಿಗೆ ಮುಟ್ಟುವಷ್ಟರಲ್ಲಿ ತಯಾರಿಗೆ ಒಂದಿಷ್ಟು ಸಮಯ ಸಿಗುತ್ತದೆ. ತಾಲ್ಲೂಕು ಆಸ್ಪತ್ರೆ ಅದನ್ನು ಕೈಬಿಡಬಾರದು.

ಮೊದಲು ಪಟ್ಟಿ ಮಾಡಿ, ಔಷಧ ಆಮೇಲೆ. ಸೇತುವೆ ಮುಳುಗಿದರೆ ಆಚೆ ದಡದಲ್ಲಿ ಸಿಕ್ಕಿಕೊಳ್ಳುವವರು ಯಾರು? ದಿನ ತುಂಬಿದ ಗರ್ಭಿಣಿಯರು, ಡಯಾಲಿಸಿಸ್‌ನವರು. ಗರ್ಭಿಣಿಯರ ಹೆರಿಗೆ ದಿನಾಂಕ ಆಶಾ ಕಾರ್ಯಕರ್ತೆಯರ ಬಳಿ ಇರುತ್ತದೆ. ಊರುವಾರು ಬರೆದು, ಯಾವ ಸೇತುವೆ ಮುಳುಗಿದರೆ ಯಾವ ಊರಿಗೆ ದಾರಿ ಬಂದ್ ಎಂದು ಪಕ್ಕದಲ್ಲೇ ಗುರುತು ಹಾಕಿ. ರಸ್ತೆ ಇರುವಾಗಲೇ ಅವರನ್ನು ಈಚೆ ಕರೆತನ್ನಿ. ‘ಎಮ್ಮಿ ಬಿಟ್ಟು ಹೆಂಗ್ ಬರೂದ್ರೀ?’ ಎನ್ನುವ ಅತ್ತೆ ಸಿಕ್ಕೇ ಸಿಗುತ್ತಾರೆ. ದನಕ್ಕೆ ಮೇವು, ಜಾಗ ಎಲ್ಲಿದೆ ಎಂದು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿಕೊಂಡು ಹೋದರೆ ಮಾತು ಬೇಗ ಮುಗಿಯುತ್ತದೆ.

ಎರಡನೆಯದು ಕಟ್ಟಡ. ಜನರೇಟರ್, ವಿದ್ಯುತ್ ಪ್ಯಾನೆಲ್ ನೆಲಮಾಳಿಗೆಯಲ್ಲಿದ್ದರೆ ಮೊದಲು ಮುಳುಗುವುದು ಅವೇ. ಮಳೆಗಾಲಕ್ಕೆ ಮೊದಲೇ ಎತ್ತರಕ್ಕೆ ಸಾಗಿಸಿ. ಜನರೇಟರ್ ಸುಮ್ನೆ ಚಾಲೂ ಮಾಡಿ ನೋಡಿದರೆ ಸಾಲದು. ಆಪರೇಷನ್ ಥಿಯೇಟರ್, ಹೆರಿಗೆ ಕೋಣೆ, ಲಸಿಕೆಯ ಫ್ರಿಜ್ ಎಲ್ಲವನ್ನೂ ಹಚ್ಚಿ ಅರ್ಧ ತಾಸು ಓಡಿಸಿ. ಲಸಿಕೆಗೆ 2ರಿಂದ 8 ಡಿಗ್ರಿ ತಂಪು ಬೇಕೇ ಬೇಕು. ಡೀಸೆಲ್, ಆಕ್ಸಿಜನ್ ಸಿಲಿಂಡರ್ ಮೊದಲೇ ತರಿಸಿಡಿ. ರಸ್ತೆ ಕಟ್ಟಾದ ಮೇಲೆ ಯಾರು ತರುತ್ತಾರೆ?

ಔಷಧದಲ್ಲಿ ಹಾವಿನ ಕಡಿತದ ಇಂಜೆಕ್ಷನ್ ಮರೆಯಬೇಡಿ. ನೀರು ಏರಿದಂತೆ ಹಾವು ಮನೆ, ಅಟ್ಟ ಸೇರುತ್ತವೆ. ಒಬ್ಬರಿಗೇ ಶುರುವಿನಲ್ಲಿ 8ರಿಂದ 10 ವಯಲ್ (ಔಷಧದ ಸಣ್ಣ ಸೀಸೆ) ಬೇಕಾಗಬಹುದು. ಕಪಾಟಿನಲ್ಲಿ ನಾಲ್ಕು ಇಟ್ಟು ‘ಸ್ಟಾಕ್ ಇದೆ’ ಎಂದು ಬರೆದುಕೊಂಡರೆ ಪ್ರಯೋಜನವಿಲ್ಲ.

ನೆನೆದ ಮಣ್ಣಿನ ಮಾಳಿಗೆ ಕುಸಿದು ಒಮ್ಮೆಲೇ ಹತ್ತಾರು ಜನ ಬಂದರೆ, ಬಾಗಿಲಲ್ಲೇ ಒಬ್ಬ ಅನುಭವಿ ವೈದ್ಯರು ನಿಂತು ಬೇರೆ ಮಾಡಲಿ: ತಕ್ಷಣ ನೋಡಬೇಕಾದವರಿಗೆ ಕೆಂಪು ಪಟ್ಟಿ, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ನಡೆದಾಡುವವರಿಗೆ ಹಸಿರು. ಜೋರಾಗಿ ಕೂಗುವವರೇ ಕೆಂಪು ಎಂದಲ್ಲ. ಸದ್ದಿಲ್ಲದೆ ಮಲಗಿದವರನ್ನು ಮೊದಲು ನೋಡಿ.

ನೀರು ಇಳಿದ ಮೇಲೆ ಕೆಲಸ, ಮನೆ ಬಿಟ್ಟು ಬಂದವರು ತಂಗುವ ಕಾಳಜಿ ಕೇಂದ್ರಗಳಿಗೆ ಹೋಗುತ್ತದೆ. ವಾಂತಿ-ಭೇದಿಗೆ ಓಆರ್‌ಎಸ್, ಕುಡಿಯುವ ನೀರಿಗೆ ಕ್ಲೋರಿನ್, ಕೆಸರಲ್ಲಿ ಓಡಾಡಿದವರ ಜ್ವರಕ್ಕೆ ಇಲಿ ಜ್ವರದ ಪರೀಕ್ಷೆ. ಇನ್ನೊಂದು ಇದೆ, ಬಹಳ ಕಡೆ ಬಿಟ್ಟುಹೋಗುತ್ತದೆ. ದಿನಾ ನುಂಗುವ ಬಿಪಿ, ಶುಗರ್ ಮಾತ್ರೆ ಮನೆಯ ಜೊತೆ ಮುಳುಗಿರುತ್ತವೆ. ಹಳೆ ಚೀಟಿ ತನ್ನಿ ಎಂದು ವಾಪಸ್ ಕಳಿಸಬೇಡಿ, ಅದೂ ನೀರುಪಾಲಾಗಿರುತ್ತದೆ. ಬಿಪಿ, ಶುಗರ್ ಅಲ್ಲೇ ನೋಡಿ, ವೈದ್ಯರು ಹೊಸ ಚೀಟಿ ಬರೆದು ಮಾತ್ರೆ ಕೊಡಲಿ.