ಹೆಬ್ಬಲಸಿನ ಬೀಜ ಸೀಯದಂತೆ ಹುರಿಯುವುದು ಹೇಗೆ?

ಮಳೆ ಹಿಡಿಯುವ ಹೊತ್ತಿಗೆ ಮಂಗಳೂರಿನ ನೆಂಟರ ಮನೆಗೆ ಹೋದರೆ ಅಡುಗೆಮನೆ ತುಂಬ ಹೊಗೆ. ಭಾವ ದೊಡ್ಡ ಉರಿಯಲ್ಲಿ ಹೆಬ್ಬಲಸಿನ ಬೀಜ ಹುರಿಯುತ್ತಿದ್ದರು. ತಟ್ಟೆಗೆ ಬಂದದ್ದು ಹೊರಗೆ ಇದ್ದಿಲು, ಒಳಗೆ ಹಸಿ ಹಿಟ್ಟು. "ಮೊದಲಿನ ರುಚಿ ಈಗಿನ ಮರಗಳಲ್ಲಿಲ್ಲ ಮಾರಾಯ್ರೆ" ಎಂದು ಬೇರೆ ಹೇಳಿದರು. ಮರದ್ದೇನೂ ತಪ್ಪಿಲ್ಲ, ತಪ್ಪೆಲ್ಲ ಉರಿಯದ್ದು.

ತುಳುವಿನವರು ಪೆಜಕಾಯಿ ಎನ್ನುವ ಇದು ಹಲಸಿನ ಕುಲದ್ದೇ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡು ಇದರ ತವರು. ತಾನಾಗಿ ಬೆಳೆಯುವುದು ಇಲ್ಲಿ ಮಾತ್ರ. ಆರ್ಟೋಕಾರ್ಪಸ್ ಹಿರ್ಸುಟಸ್ ಎಂಬ ಹೆಸರಿನಲ್ಲಿ ಹಿರ್ಸುಟಸ್ ಎಂದರೆ ರೋಮವುಳ್ಳದ್ದು. ಎಳೆ ಚಿಗುರನ್ನು ಸವರಿದರೆ ಹೆಸರು ಯಾಕೆಂದು ಬೆರಳಿಗೇ ಗೊತ್ತಾಗುತ್ತದೆ. ದೋಣಿಗೂ ಬಾಗಿಲಿಗೂ ಒದಗುವ ಮರವಾದ್ದರಿಂದ ಕಡಿದವರೇ ಹೆಚ್ಚು, ನೆಟ್ಟವರು ಕಡಿಮೆ.

ಹಣ್ಣು. ಮೇ, ಜೂನ್ ಸಮಯ. ದೋಟಿಗೆ ಎಟಕಿದರೆ ಕೊಯ್ಯಿರಿ, ಇಲ್ಲವಾದರೆ ಬಿದ್ದದ್ದನ್ನು ಹೆಕ್ಕಿ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳದೆ ಬಿಡಿಸಿದರೆ ಮೇಣದ ಜೊತೆ ಸಂಜೆವರೆಗೆ ಜಗಳ. ಕೇಸರಿ ತೊಳೆಯನ್ನು ಮಕ್ಕಳಿಗೆ ಕೊಡಿ, ಬೀಜ ಮಾತ್ರ ಉಗಿಯದೆ ಬಟ್ಟಲಿಗೆ ಹಾಕಲು ಹೇಳಿ.

ತೊಳೆಯುವುದು, ಒಣಗಿಸುವುದು. ಬೀಜಕ್ಕೆ ಅಂಟಿದ ಲೋಳೆ ಬರೀ ನೀರಿಗೆ ಹೋಗುವುದಿಲ್ಲ. ಒಲೆಯ ಬೂದಿ ಹಾಕಿ ಉಜ್ಜಿ, ಎರಡು ಸಲ ತೊಳೆಯಿರಿ. ಗೆರಸೆಯಲ್ಲಿ ಹರಡಿ ಎರಡು ದಿನ ಬಿಸಿಲಿಗಿಡಿ. ಬಳಿಕ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಕಲ್ಲುಪ್ಪು ಕದಡಿ, ರಾತ್ರಿಯಿಡೀ ನೆನೆಸಿ, ಮತ್ತೆ ಒಣಗಿಸಿ. ಎರಡನೇ ಒಣಗಿಸುವಿಕೆಯನ್ನೇ ಎಲ್ಲರೂ ಹಾರಿಸುವುದು. ಮುಷ್ಟಿಯಲ್ಲಿ ಹಿಡಿದು ಕುಲುಕಿದರೆ ಕಲ್ಲಿನ ಹಾಗೆ ಸದ್ದಾಗಬೇಕು, ಹೊರಸಿಪ್ಪೆ ಕಾಗದದಂತೆ ಸರಸರ ಎನ್ನಬೇಕು. ಮಳೆ ಬಿಡದಿದ್ದರೆ ಬಚ್ಚಲೊಲೆಯ ಮೇಲೆ ತೂಗುಹಾಕಿ. ಫ್ಯಾನಿನ ಕೆಳಗೆ ಹರಡಿ ಕೆಲಸ ಮುಗಿಯಿತೆಂದುಕೊಂಡವರ ಬೀಜಕ್ಕೆ ಬೂಸ್ಟು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹುರಿಯುವುದು. ಬರೀ ಬಾಣಲೆ ಬೇಡ. ಬೀಜ ಲೋಹಕ್ಕೆ ತಾಗಿದಲ್ಲಿ ಸೀಯುತ್ತದೆ, ಉಳಿದ ಕಡೆ ಹಸಿಯಾಗಿಯೇ ಉಳಿಯುತ್ತದೆ. ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ಹುರಿದರೆ ಶಾಖ ಸುತ್ತಲೂ ಸಮ ಹತ್ತುತ್ತದೆ. ಹೊಳೆಯ ಹೊಯಿಗೆಯನ್ನು ಜರಡಿ ಹಿಡಿದು, ತೊಳೆದು, ಒಣಗಿಸಿಕೊಳ್ಳಿ. ದಪ್ಪ ತಳದ ಕಬ್ಬಿಣದ ಬಾಣಲೆಗೆ ನಾಲ್ಕು ಬೆರಳು ಆಳ ಹಾಕಿ ನಡು ಉರಿಯಲ್ಲಿ ಕಾಯಿಸಿ. ಶಾಖ ನೋಡಲು ನಾಲ್ಕು ಭತ್ತದ ಕಾಳು ಎಸೆಯಿರಿ. ಹಾಕಿದ್ದೇ ಅರಳಾಗಿ ಸಿಡಿದರೆ ಹೆಚ್ಚಾಯಿತು, ಉರಿ ತಗ್ಗಿಸಿ ಕಾಯಿರಿ. ಈಗ ಬೀಜ ಹಾಕಿ ಸಟ್ಟುಗದಲ್ಲಿ ತಳದಿಂದ ಮೇಲಕ್ಕೆ ಬಿಡದೆ ಮಗುಚುತ್ತಿರಿ. ಫೋನ್ ಬಂದರೂ ಎತ್ತಬೇಡಿ. ಮೊದಲು ಸದ್ದಿಲ್ಲ, ಆಮೇಲೆ ಚಟ್ ಚಟ್ ಎಂದು ಸಿಪ್ಪೆ ಬಿರಿಯುತ್ತದೆ, ನೆಲಗಡಲೆ ಹುರಿದಂಥ ಪರಿಮಳ ಏಳುತ್ತದೆ. ಒಂದನ್ನು ತೆಗೆದು ಆರಿಸಿ ಕಚ್ಚಿ. ಕಟ್ ಎಂದು ಮುರಿಯದೆ ಹಲ್ಲಿಗೆ ಹಿಟ್ಟಾಗಿ ಅಂಟಿದರೆ ಇನ್ನೂ ಸ್ವಲ್ಪ ಹೊತ್ತು. ನಸುಗಂದು ಬಂತೋ, ತಕ್ಷಣ ಜರಡಿಗೆ ಸುರಿದು ಹೊಯಿಗೆ ಬೇರೆ ಮಾಡಿ. ಒಲೆ ಆರಿಸಿದರೂ ಹೊಯಿಗೆ ಸುಡುತ್ತಲೇ ಇರುತ್ತದೆ, ಭಾವ ಎರಡನೇ ಸಲ ಕೆಡಿಸಿದ್ದು ಅಲ್ಲೇ.

ಮೈಕ್ರೋವೇವ್ ಎನ್ನುವವರಿಗೆ ಒಂದು ಮಾತು: ಒಳಗಿನ ಹಬೆಗೆ ದಾರಿಯಿಲ್ಲದೆ ಬೀಜ ಸಿಡಿಯುತ್ತದೆ. ಅಂಗಡಿಯ ಹುರಿದ ಪ್ಯಾಕೆಟ್ಟನ್ನು ಕೊಂಡು ನೋಡಿದ್ದೇನೆ, ಬಾಯಿಗೆ ಬಂದದ್ದು ಹಳೇ ಎಣ್ಣೆಯ ಕಮಟು. ಇನ್ನು, ನಮ್ಮಲ್ಲಿ 'ಬೀಜ' ಎಂದರೆ ಗೇರುಬೀಜವೂ ಹೌದಲ್ಲ? ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಅದಕ್ಕೆ ಈ ವಿಧಾನ ಖಂಡಿತ ಬೇಡ. ಸಿಪ್ಪೆಯಲ್ಲಿರುವ ಎಣ್ಣೆ ಚರ್ಮ ಸುಡುತ್ತದೆ, ಹೊಗೆಯೂ ಕಣ್ಣಿಗೆ ಕೆಟ್ಟದ್ದು.

ಹುರಿದದ್ದು ಪೂರ್ತಿ ತಣಿದ ಮೇಲೆ ಸಿಪ್ಪೆ ತಿಕ್ಕಿ ಊದಿ, ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಬೆವತು ಮೆತ್ತಗಾಗುತ್ತದೆ. ನಮ್ಮನೆಯಲ್ಲಂತೂ ಡಬ್ಬಿ ಜುಲೈ-ಆಗಸ್ಟಿನ ಆಟಿ ತಿಂಗಳು ದಾಟಿದ್ದಿಲ್ಲ.